ಅಕ್ಕನ ಹಸಿವು, ನನ್ನ ಹಸಿವು

ದಪ್ಪ ಇರುವವರಿಗೆ ಬುದ್ಧಿ ಹೇಳುವ ಹಕ್ಕು ನಮ್ಮಲ್ಲಿ ಎಲ್ಲರಿಗೂ ಇದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಪಕ್ಕದ ಎಲೆಯವರು ಹೇಳುತ್ತಾರೆ. ಬಸ್ಸಿನಲ್ಲಿ ಜೊತೆ ಕೂತವರು ಹೇಳುತ್ತಾರೆ. ವರ್ಷಗಟ್ಟಲೆ ಒಂದು ಫೋನೂ ಮಾಡದ ನೆಂಟರು ಸಿಕ್ಕ ಮೊದಲ ನಿಮಿಷದಲ್ಲೇ "ಏನೇ ಇಷ್ಟು ಊದಿದೀಯ, ಸ್ವಲ್ಪ ಬಾಯಿ ಕಟ್ಟಬಾರದಾ" ಅನ್ನುತ್ತಾರೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ ಅನ್ನೋ ಮಾತು ಎಲ್ಲರಿಗೂ ಬಾಯಿಪಾಠ. ಮೈ ನೋಡಿದ ತಕ್ಷಣ ಮನಸ್ಸಿನ ಬಗ್ಗೆ ತೀರ್ಪು ಕೊಟ್ಟುಬಿಡುತ್ತಾರೆ. ಇವರಿಗೆ ಮನಸ್ಸು ಗಟ್ಟಿ ಇಲ್ಲ, ನಾಲಿಗೆ ಮೇಲೆ ಹಿಡಿತ ಇಲ್ಲ ಅಂತ.

ಈ ತೀರ್ಪು ತಪ್ಪು. ಇಷ್ಟು ಖಡಾಖಂಡಿತವಾಗಿ ಹೇಳೋಕೆ ನನಗೆ ಎರಡು ಕಾರಣ ಇವೆ. ಒಂದು, ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಹಸಿವಿನ ಬಗ್ಗೆ ವಿಜ್ಞಾನಿಗಳು ಕಂಡುಕೊಂಡಿರೋದು. ಇನ್ನೊಂದು, ನನ್ನ ಅಕ್ಕ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಬೆಳೆದದ್ದು ಹಾಸನದ ಒಂದೇ ಮನೆಯಲ್ಲಿ, ತಿಂದದ್ದು ಒಂದೇ ಮುದ್ದೆ, ಒಂದೇ ಬಸ್ಸಾರು. ಊಟ ಮುಗಿದ ಅರ್ಧ ಗಂಟೆಗೆ ಅವಳಿಗೆ ಮತ್ತೆ ಏನಾದರೂ ಬೇಕಾಗುತ್ತಿತ್ತು. ಕಡಲೆಬೀಜ, ಒಂದು ಚೂರು ಬೆಲ್ಲ, ಡಬ್ಬದ ತಳದಲ್ಲಿ ಉಳಿದ ಚಕ್ಕುಲಿ ಪುಡಿ. ನನಗೆ ಆಟದ ಮಧ್ಯೆ ಊಟದ ಹೊತ್ತಾಗಿದ್ದೇ ತಿಳಿಯುತ್ತಿರಲಿಲ್ಲ. ಅಮ್ಮ ಕರೆದು ಕರೆದು ಸುಸ್ತಾಗುತ್ತಿದ್ದಳು. ಇವತ್ತಿಗೂ ಹಾಗೇ. ಬ್ಯಾಂಕಿನಲ್ಲಿ ಕೆಲಸ ಜಾಸ್ತಿ ಇದ್ದ ದಿನ ನನ್ನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ಬರುತ್ತದೆ. ನೆಂಟರು ನನ್ನನ್ನು ತೋರಿಸಿ ಅಕ್ಕನಿಗೆ "ತಂಗೀನ ನೋಡಿ ಕಲಿ, ಎಷ್ಟು ಕಂಟ್ರೋಲ್ ಇದೆ" ಅಂತಿದ್ದರು. ನಾನು ಯಾವುದನ್ನೂ ಕಂಟ್ರೋಲ್ ಮಾಡಿರಲಿಲ್ಲ. ಬೇಕು ಅಂತಲೇ ಅನಿಸದ್ದನ್ನು ಬಿಡೋಕೆ ಸಂಯಮ ಯಾಕೆ ಬೇಕು?

ಸಂಯಮ ನೋಡಬೇಕು ಅಂದರೆ ಅಕ್ಕನನ್ನೇ ನೋಡಬೇಕು. ಇಬ್ಬರು ಮಕ್ಕಳನ್ನು ಸಾಕುತ್ತಾ, ಶಾಲೆಯಲ್ಲಿ ಪಾಠ ಮಾಡುತ್ತಾ, ಅಂಚೆ ಶಿಕ್ಷಣದಲ್ಲಿ ಎಂ.ಎ. ಮುಗಿಸಿದಳು. ಅತ್ತೆ ಹಾಸಿಗೆ ಹಿಡಿದಾಗ ಕೊನೆವರೆಗೂ ನೋಡಿಕೊಂಡಳು, ಒಮ್ಮೆಯೂ ಸಿಡುಕಲಿಲ್ಲ. ಚೀಟಿ ಕಟ್ಟಿ ಕಟ್ಟಿ ಮೈಸೂರಿನಲ್ಲಿ ಸ್ವಂತ ಮನೆ ಮಾಡಿಕೊಂಡಳು. ಇಂಥವಳನ್ನು ಮನಸ್ಸು ಗಟ್ಟಿ ಇಲ್ಲದವಳು ಅಂತ ಯಾವ ಬಾಯಲ್ಲಿ ಹೇಳೋದು?

1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ತಂಡದವರು ಲೆಪ್ಟಿನ್ ಅನ್ನೋ ಹಾರ್ಮೋನಿನ ಜೀನ್ ಕಂಡುಹಿಡಿದರು. ಇದು ನಮ್ಮ ಕೊಬ್ಬಿನಿಂದಲೇ ಹೊರಡುತ್ತದೆ. ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಮಿದುಳಿಗೆ ತಿಳಿಸುತ್ತದೆ. ಅದಾಗಿ ಮೂರು ವರ್ಷಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಆ ಮಕ್ಕಳಿಗೆ ಸದಾ ಹಸಿವು, ಎಷ್ಟು ತಿಂದರೂ ಹಸಿವು. ಒಂಬತ್ತು ವರ್ಷದ ಒಬ್ಬ ಹುಡುಗಿ 94 ಕೆಜಿ ಇದ್ದಳು. ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಡಲು ಶುರು ಮಾಡಿದರು. ಒಂದು ವರ್ಷದಲ್ಲಿ 16 ಕೆಜಿ ಇಳಿದಳು. ಅವಳಿಗೆ ಯಾರೂ ಬುದ್ಧಿ ಹೇಳಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಅವಳೇ ಊಟ ಕಡಿಮೆ ಮಾಡಿದಳು.

ಇದು ತೀರಾ ಅಪರೂಪದ ಕಾಯಿಲೆ. ನನ್ನ ಅಕ್ಕನಿಗಾಗಲಿ, ನಿಮ್ಮ ಪಕ್ಕದ ಮನೆಯವರಿಗಾಗಲಿ ಇದು ಇಲ್ಲ. ಆದರೂ ನಾನು ಈ ಹುಡುಗಿಯ ಕಥೆಯನ್ನು ಯಾಕೆ ಮತ್ತೆ ಮತ್ತೆ ಹೇಳುತ್ತೇನೆ ಅಂದರೆ, ಹಸಿವು ಅನ್ನೋದು ಮೈಯಲ್ಲಿ ಹುಟ್ಟೋದು ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸೋ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಉಳಿದವರಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿ ಇರೋದಿಲ್ಲ. ಒಬ್ಬರಿಗೆ ಹಸಿವು ಸ್ವಲ್ಪ ಜಾಸ್ತಿ, ಒಬ್ಬರಿಗೆ ಹೊಟ್ಟೆ ತುಂಬಿದ ಸುದ್ದಿ ಸ್ವಲ್ಪ ತಡ. ಆದರೆ ದಿನಕ್ಕೆ ಮೂರು ಹೊತ್ತು, ವರ್ಷವಿಡೀ, ಮೂವತ್ತು ವರ್ಷ ಇದೇ ನಡೆದರೆ?

1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಅನ್ನೋ ಅಮೆರಿಕದ ವೈದ್ಯರು ಡೆನ್ಮಾರ್ಕಿನಲ್ಲಿ ದತ್ತು ಹೋದ 540 ಜನರ ಲೆಕ್ಕ ತೆಗೆದರು. ಎಲ್ಲರೂ ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು. ಅವರ ಮೈಕಟ್ಟು ಹೆತ್ತವರ ಮೈಕಟ್ಟಿಗೆ ಹೊಂದುತ್ತಿತ್ತು. ಸಾಕಿದವರ ಮೈಕಟ್ಟಿಗೆ ಹೊಂದಲಿಲ್ಲ. ಅಂದರೆ ಚಿಕ್ಕಂದಿನಿಂದ ಯಾರ ಮನೆಯ ಅಡುಗೆ ಉಂಡರೋ ಅವರ ಹಾಗೆ ಆಗಲಿಲ್ಲ. ಅಕ್ಕ ಥೇಟ್ ನಮ್ಮ ತಂದೆಯ ಅಮ್ಮನ ಹಾಗೆ. ನಾನು ಅಮ್ಮನ ಕಡೆಯವರ ಹಾಗೆ ಕಡ್ಡಿ.

ಕಡ್ಡಿ ಇದ್ದರೆ ಆರೋಗ್ಯ ಅಂತ ಏನಿಲ್ಲ, ಅದನ್ನೂ ಹೇಳಬೇಕು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯೂಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಬರೆದಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಒಂದು ಚೂರೂ ವ್ಯತ್ಯಾಸ ಇಲ್ಲ. ಆದರೆ ಯೂಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ಪುಸ್ತಕಗಳಿದ್ದವು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಅಂತ 1996ರಲ್ಲಿ ವರದಿ ಬಂತು. ಹೊಟ್ಟೆಯಲ್ಲಿದ್ದಾಗ ಸಿಕ್ಕ ಪೋಷಣೆಯ ಲೆಕ್ಕ ಐವತ್ತನೇ ವಯಸ್ಸಿನಲ್ಲಿ ಬರುತ್ತದೆ ಅಂದರೆ ಅದನ್ನು ಯಾರ ಸಂಯಮಕ್ಕೆ ಜಮಾ ಮಾಡೋದು?

ಹೋದ ವರ್ಷ ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ನನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ 6.1 ಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲು. ಅಕ್ಕನದು 5.6, ಮಾಮೂಲಿ ಮಟ್ಟ. ನನಗೆ ಯಾರೂ "ಬಾಯಿ ಕಟ್ಟು" ಅನ್ನಲಿಲ್ಲ. "ಅಯ್ಯೋ ನಿನಗ್ಯಾಕೆ ಬಂತು, ಟೆನ್ಷನ್ ಇರಬೇಕು" ಅಂದರು. ಅದೇ ರಿಪೋರ್ಟು ಅಕ್ಕನದಾಗಿದ್ದರೆ ಏನು ಅಂತಿದ್ದರು ಅಂತ ಇಬ್ಬರಿಗೂ ಗೊತ್ತಿತ್ತು.

ಹಾಗಾದರೆ ಎಲ್ಲಾ ಹಣೆಬರಹ, ನಮ್ಮ ಕೈಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 2019-21ರ ಸರ್ಕಾರಿ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು 30 ಜನರ ತೂಕ ಜಾಸ್ತಿ ಇತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಹೀಗಿರಲಿಲ್ಲ. ಎರಡು ತಲೆಮಾರಿನಲ್ಲಿ ಜೀನ್ ಬದಲಾಗೋದಿಲ್ಲ. ಜನರ ಮನಸ್ಸೂ ಇದ್ದಕ್ಕಿದ್ದ ಹಾಗೆ ಸಡಿಲ ಆಗೋದಿಲ್ಲ. ಬದಲಾಗಿರೋದು ತಿನ್ನೋ ತೀರ್ಮಾನ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಆಗುತ್ತದೆ ಅನ್ನೋದು. ನನಗೆ ಹೇಳಬೇಕಾಗಿರೋದು ಮುಖ್ಯವಾಗಿ ಇದೇ.

ಸಂಯಮದ ಬಗ್ಗೆ ತುಂಬಾ ಪ್ರಸಿದ್ಧವಾದ ಪ್ರಯೋಗ ಒಂದಿದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಶುರು ಮಾಡಿದ್ದು. ಪುಟ್ಟ ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, "ಈಗಲೇ ತಿಂದರೆ ಒಂದು, ನಾನು ಬರುವವರೆಗೆ ಕಾದರೆ ಎರಡು" ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಬಂದರು, ಮೂವತ್ತು ವರ್ಷದ ಮೇಲೆ ಅವರ ತೂಕವೂ ಸ್ವಲ್ಪ ಕಡಿಮೆ ಇತ್ತು ಅಂತ ಲೆಕ್ಕ ಬಂತು. ಇದನ್ನು ಹಿಡಿದುಕೊಂಡು ಎಷ್ಟೋ ಭಾಷಣಗಳು ನಡೆದುಹೋದವು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ಮತ್ತೆ ನೋಡಿದರು. ಮನೆಯ ಸ್ಥಿತಿಗತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಓದಿಗೂ ಕಾಯೋದಕ್ಕೂ ಇದ್ದ ನಂಟು ತುಂಬಾ ತೆಳುವಾಯಿತು.

ನನಗೆ ಈ ಪ್ರಯೋಗದಲ್ಲಿ ಇಷ್ಟವಾಗೋ ಭಾಗ ಭಾಷಣಗಳಲ್ಲಿ ಬರೋದೇ ಇಲ್ಲ. ಕಾದ ಮಕ್ಕಳು ಕಾದದ್ದು ಹೇಗೆ? ಸಿಹಿಯನ್ನೇ ದಿಟ್ಟಿಸಿ ನೋಡುತ್ತಾ ಹಲ್ಲು ಕಚ್ಚಿ ಕೂತವರಲ್ಲ ಅವರು. ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ಹಾಡು ಹೇಳಿಕೊಂಡರು. ಸಿಹಿಯನ್ನು ಮುಚ್ಚಿಟ್ಟಾಗ ಮಕ್ಕಳು ಸರಾಸರಿ ಜಾಸ್ತಿ ಹೊತ್ತು ಕಾದರು. ಅದೇ ವಯಸ್ಸಿನ ಮಕ್ಕಳು, ಅಂಥದ್ದೇ ಮನಸ್ಸು. ಒಂದು ಮುಚ್ಚಳ ಅಡ್ಡ ಬಂತು, ಅಷ್ಟೇ.

ದೊಡ್ಡವರ ಮೇಲೂ ಇಂಥದ್ದೇ ಒಂದು ಅಧ್ಯಯನ ಆಗಿದೆ. ಜರ್ಮನಿಯ ವುರ್ಟ್ಸ್‌ಬುರ್ಗ್ ಊರಿನ ಸುತ್ತಮುತ್ತಲ 205 ಜನರಿಗೆ ಒಂದೊಂದು ಪುಟ್ಟ ಸಾಧನ ಕೊಟ್ಟು, ದಿನದಲ್ಲಿ ಆಗಾಗ ಅದು ಸದ್ದು ಮಾಡಿದಾಗ "ಈಗ ಏನು ಆಸೆ ಆಗುತ್ತಿದೆ, ತಡೆದುಕೊಳ್ಳುತ್ತಿದ್ದೀರಾ" ಅಂತ ಕೇಳಿದರು. 2012ರಲ್ಲಿ ಪ್ರಕಟವಾಯಿತು. ಸಂಯಮ ಜಾಸ್ತಿ ಇದೆ ಅನ್ನಿಸಿಕೊಂಡವರು ದಿನವಿಡೀ ಆಸೆಗಳ ಜೊತೆ ಗುದ್ದಾಡುತ್ತಾರೆ, ಗೆಲ್ಲುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಹಾಗಿರಲಿಲ್ಲ. ಅವರು ತಡೆದುಕೊಂಡದ್ದೇ ಕಡಿಮೆ. ಗುದ್ದಾಡುವ ಪ್ರಸಂಗವೇ ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಮ್ಮನ ಏಕಾದಶಿ. ಅಮ್ಮ ಊಟ ಪ್ರೀತಿಸೋ ಹೆಂಗಸು. ಆದರೆ ಏಕಾದಶಿ ದಿನ ಅನ್ನ ಮುಟ್ಟುತ್ತಿರಲಿಲ್ಲ, ಅದಕ್ಕಾಗಿ ಕಷ್ಟಪಟ್ಟ ಹಾಗೂ ಕಾಣುತ್ತಿರಲಿಲ್ಲ. ಅವತ್ತು ತಿನ್ನಲೋ ಬೇಡವೋ ಅಂತ ಅಮ್ಮ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಪಂಚಾಂಗ ತೀರ್ಮಾನ ಮಾಡಿಯಾಗಿತ್ತು. ಒಲೆ ಮೇಲೆ ಅನ್ನ ಇರುತ್ತಿರಲಿಲ್ಲ, ಬೀದಿಯ ಉಳಿದ ಮನೆಗಳಲ್ಲೂ ಇರುತ್ತಿರಲಿಲ್ಲ. ಹಸಿದ ಹೊತ್ತಿನಲ್ಲಿ ಹೊಟ್ಟೆಯ ಜೊತೆ ಕೂತು ಮಾತುಕತೆ ಮಾಡೋ ಕೆಲಸ ಅಮ್ಮನಿಗೆ ಇರಲೇ ಇಲ್ಲ.

ಆ ಮಾತುಕತೆ ನ್ಯಾಯವಾಗಿ ನಡೆಯೋದೂ ಇಲ್ಲ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಅಳೆದರು. ಎರಡು ತಿಂಡಿಗಳ ಚಿತ್ರ ತೋರಿಸಿ, ಆರಿಸುವಾಗ ಕಂಪ್ಯೂಟರ್ ಮೌಸ್ ಯಾವ ಗಳಿಗೆಯಲ್ಲಿ ಯಾವ ಕಡೆ ವಾಲುತ್ತದೆ ಅಂತ ನೋಡಿದರು. ರುಚಿಯ ಲೆಕ್ಕ ಮಿದುಳಿಗೆ ಮೊದಲು ಬರುತ್ತದೆ. ಆರೋಗ್ಯದ ಲೆಕ್ಕ ಬರೋದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ. ಹಾಗಾಗಿ ಬಿಸಿ ಬೋಂಡದ ತಟ್ಟೆ ಮುಂದೆ ನಿಂತು ತೀರ್ಮಾನ ಮಾಡೋಕೆ ಹೋದರೆ ನಾಲಿಗೆ ಆಗಲೇ ಒಂದು ಹೆಜ್ಜೆ ಮುಂದೆ ಇರುತ್ತದೆ.

ಈಗ ಅಕ್ಕನ ಅಡುಗೆಮನೆಗೆ ಬನ್ನಿ. ರಾತ್ರಿ ಒಂಬತ್ತೂವರೆ. ಭಾವ ಮತ್ತು ಮಕ್ಕಳ ಊಟ ಆಗಿದೆ. ಅಕ್ಕ ಎಲ್ಲರಿಗೂ ಬಡಿಸಿ, ಆಮೇಲೆ ತಾನು ಊಟ ಮಾಡಿದ್ದಾಳೆ. ಹೊಟ್ಟೆ ತುಂಬಿದೆ. ಕಟ್ಟೆ ಮೇಲೆ ಪಾತ್ರೆ ಎತ್ತಿಡುವಾಗ ನೋಡಿದರೆ ಕುಕ್ಕರಿನಲ್ಲಿ ಎರಡು ಸೌಟು ಅನ್ನ ಉಳಿದಿದೆ. ಸಾರು ಬಟ್ಟಲಿನಷ್ಟಿದೆ. ಪಲ್ಯ ಒಂದು ಹಿಡಿ. ಫ್ರಿಜ್ಜಿಗೆ ಇಡೋಣ ಅಂದರೆ ಭಾವ ತಂಗಳು ತಿನ್ನೋದಿಲ್ಲ. ಬೆಳಿಗ್ಗೆ ಚಿತ್ರಾನ್ನ ಮಾಡೋಣ ಅಂದರೆ ಮಕ್ಕಳಿಗೆ ದೋಸೆ ಅಂತ ಹೇಳಿಯಾಗಿದೆ. ಎಸೆಯೋದಂತೂ ದೂರದ ಮಾತು. ಅನ್ನ ಎಸೆದರೆ ಪಾಪ ಅಂತ ಕೇಳಿಕೊಂಡೇ ಬೆಳೆದವರು ನಾವು. ಅಕ್ಕ ನಿಂತಲ್ಲೇ ಆ ಅನ್ನಕ್ಕೆ ಮೊಸರು ಸುರಿದು, ಕುಕ್ಕರಿನಲ್ಲೇ ಕಲೆಸಿ, ಉಪ್ಪಿನಕಾಯಿ ನಂಜಿಕೊಂಡು ತಿಂದು ಮುಗಿಸುತ್ತಾಳೆ. ಪಾತ್ರೆ ತೊಳೆಯೋಕೆ ಹಾಕುತ್ತಾಳೆ.

ಇದರಲ್ಲಿ ಬಾಯಿಚಪಲ ಎಲ್ಲಿದೆ ಹೇಳಿ. ಹಸಿವೂ ಇಲ್ಲ, ಆಸೆಯೂ ಇಲ್ಲ. ದಿನದ ಕೊನೆಯ ಕೆಲಸ ಮುಗಿಸುವ ಹಾಗೆ ಮುಗಿಸುತ್ತಾಳೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೆಂಗಸರು ಹೀಗೆ ದಿನಾ ಒಂದು ಅರ್ಧ ಊಟ ಹೆಚ್ಚಿಗೆ ಮಾಡುತ್ತಾರೋ. ಡಯಟ್ ಚಾರ್ಟ್ ಬರೆದುಕೊಡುವವರು ಬೆಳಿಗ್ಗೆ ಏನು, ಮಧ್ಯಾಹ್ನ ಏನು, ರಾತ್ರಿ ಏನು ಅಂತ ಕೇಳುತ್ತಾರೆ. ಉಳಿದದ್ದನ್ನು ಮನೆಯಲ್ಲಿ ಯಾರು ತಿನ್ನುತ್ತಾರೆ ಅಂತ ಒಬ್ಬರೂ ಕೇಳಿದ್ದನ್ನು ನಾನು ನೋಡಿಲ್ಲ.

ಆ ಎರಡು ಸೌಟು ಅನ್ನದ ತೀರ್ಮಾನ ಒಂಬತ್ತೂವರೆಗೆ ಆದದ್ದೂ ಅಲ್ಲ. ಏಳು ಗಂಟೆಗೆ ಅಕ್ಕಿ ಡಬ್ಬಕ್ಕೆ ಪಾವು ಇಳಿಸಿದಾಗಲೇ ಆಗಿತ್ತು. ಅಕ್ಕ ಅಕ್ಕಿ ಅಳೆಯೋದು ಅಮ್ಮನ ಹಾಗೇ. ಮನೆಯವರಿಗೆ ಬೇಕಾದಷ್ಟು, ಮೇಲೆ ಇನ್ನೊಂದು ಹಿಡಿ. "ಯಾರಾದರೂ ಬಂದರೆ?" ಹಾಸನದ ಮನೆಗೆ ನಿಜವಾಗಿಯೂ ಯಾರಾದರೂ ಬರುತ್ತಿದ್ದರು. ಹಳ್ಳಿಯಿಂದ ಕೋರ್ಟು ಕೆಲಸಕ್ಕೆ ಬಂದವರು, ಕೊನೆ ಬಸ್ಸು ತಪ್ಪಿಸಿಕೊಂಡವರು. ಯಾರೂ ಬರದ ದಿನ ಉಳಿದ ಅನ್ನ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಅಲ್ಲಿಂದ ಹಸುವಿನ ಹೊಟ್ಟೆಗೆ. ಮೈಸೂರಿನ ಮನೆಗೆ ಫೋನ್ ಮಾಡದೆ ಯಾರೂ ಬರೋದಿಲ್ಲ. ಕೊಟ್ಟಿಗೆ ಇಲ್ಲ, ಹಸು ಇಲ್ಲ. ಅಳತೆ ಮಾತ್ರ ಅಷ್ಟೇ ಇದೆ. ಆ ಹಿಡಿ ಅಕ್ಕಿ ಹೋಗಿ ಸೇರೋದು ಅಕ್ಕನ ಹೊಟ್ಟೆಗೆ.

ಇಬ್ಬರೂ ಕೂತು ಇದನ್ನೆಲ್ಲ ಮಾತಾಡಿದ ಮೇಲೆ ಅಕ್ಕ ಪಾವು ತೆಗೆದಿಟ್ಟು ಒಂದು ಸ್ಟೀಲ್ ಲೋಟ ಇಟ್ಟುಕೊಂಡಿದ್ದಾಳೆ. ಸಾಯಂಕಾಲ ಹಸಿವು ಶುರುವಾಗೋ ಮೊದಲೇ ಅಳೆಯುತ್ತಾಳೆ. ಕಡಿಮೆ ಬಿದ್ದರೆ ಅವಲಕ್ಕಿ ಇದ್ದೇ ಇದೆ, ಮೊಸರಿಗೆ ಕಲೆಸಿದರಾಯಿತು. ಇದುವರೆಗೆ ಕಡಿಮೆ ಬಿದ್ದಿಲ್ಲ. ತೂಕ ಎಷ್ಟು ಇಳಿಯಿತು ಅಂತ ಕೇಳಬೇಡಿ, ಸ್ವಲ್ಪವೇ. ಆದರೆ ರಾತ್ರಿ ನಿಂತುಕೊಂಡು ತಿನ್ನೋದು ನಿಂತಿದೆ. ಅದನ್ನು ನಿಲ್ಲಿಸೋಕೆ ಅವಳು ಯಾವ ಮನೋಬಲವನ್ನೂ ಖರ್ಚು ಮಾಡಬೇಕಾಗಲಿಲ್ಲ.

ಮನೆಯ ಹೊರಗೆ ಇದಕ್ಕಿಂತ ದೊಡ್ಡ ಬದಲಾವಣೆ ಆಗಿದೆ. ಮೊದಲು ಕೋಡುಬಳೆ ತಿನ್ನಬೇಕು ಅಂದರೆ ಅಕ್ಕಿ ನೆನೆಹಾಕಿ, ಒಣಗಿಸಿ, ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿ, ಬಾಣಲೆ ಮುಂದೆ ಕೂರಬೇಕಿತ್ತು. ಆಸೆ ಹುಟ್ಟಿದ್ದಕ್ಕೂ ಬಾಯಿಗೆ ಬೀಳೋದಕ್ಕೂ ನಡುವೆ ಎರಡು ದಿನ. ಅಷ್ಟರಲ್ಲಿ ಆಸೆ ಎಷ್ಟೋ ಸಲ ತಾನಾಗಿ ಹೋಗಿಬಿಡುತ್ತಿತ್ತು. ಆಮೇಲೆ ಬೀದಿ ಮೂಲೆಗೆ ಅಯ್ಯಂಗಾರ್ ಬೇಕರಿ ಬಂತು. ಖಾರ ಬನ್ನು, ದಿಲ್‌ಪಸಂದ್ ಬೇಕಾದರೆ ಚಪ್ಪಲಿ ಮೆಟ್ಟಿಕೊಂಡು ಅಲ್ಲಿವರೆಗಾದರೂ ಹೋಗಬೇಕಿತ್ತು. ಈಗ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಚಿಪ್ಸು, ಐಸ್‌ಕ್ರೀಮು ಬಾಗಿಲಿಗೆ. ಮುಂದಿನ ವಾರಕ್ಕೆ ಏನು ಬೇಕು ಅಂತ ಕೇಳಿದರೆ ಜನ ಹಣ್ಣು ಅನ್ನುತ್ತಾರೆ, ಈಗಲೇ ಏನು ಬೇಕು ಅಂತ ಕೇಳಿದರೆ ಚಾಕೊಲೇಟು ಅನ್ನುತ್ತಾರೆ. ಇದು ಪ್ರಯೋಗಗಳಲ್ಲಿ ಕಂಡ ಮಾತು. ಹತ್ತು ನಿಮಿಷದ ಡೆಲಿವರಿ ಅಂದರೆ ಎಲ್ಲಾ ತೀರ್ಮಾನಗಳನ್ನೂ "ಈಗಲೇ" ಮಾಡಿಸೋದು.

ಆ ತಿಂಡಿಗಳೂ ಹೊಟ್ಟೆ ತುಂಬಿದ ಸುದ್ದಿ ಬರೋ ಮೊದಲೇ ಒಳಗೆ ಹೋಗುವಂಥವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು ಊಟ ಕೊಟ್ಟರು. ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಆಹಾರ, ಎರಡು ವಾರ ಮನೆ ಅಡುಗೆಯಂಥದ್ದು. ತಟ್ಟೆಯಲ್ಲಿ ಇಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಫ್ಯಾಕ್ಟರಿ ಆಹಾರ ಕೊಟ್ಟಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು. ಎರಡು ವಾರಕ್ಕೆ ಸುಮಾರು ಒಂದು ಕೆಜಿ ಏರಿದರು. ಮನೆ ಅಡುಗೆಯಂಥದ್ದು ಕೊಟ್ಟಾಗ ಅಷ್ಟೇ ಇಳಿದರು. 2019ರ ಅಧ್ಯಯನ ಇದು. ಎರಡು ವಾರದಿಂದ ಎರಡು ವಾರಕ್ಕೆ ಅವರ ಸಂಯಮ ಬದಲಾಗಿತ್ತಾ?

ನಿದ್ದೆಯ ಬಗ್ಗೆಯೂ ಎರಡು ಮಾತು. ಷಿಕಾಗೋದಲ್ಲಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಜಾಸ್ತಿ ಇದ್ದ 80 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ಅದರಲ್ಲಿ ಕೆಲವರಿಗೆ ಹೆಚ್ಚು ಹೊತ್ತು ಮಲಗುವ ಹಾಗೆ ಅಭ್ಯಾಸ ಮಾಡಿಸಿದರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೆಚ್ಚು ಮಲಗಿದವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. 2022ರಲ್ಲಿ ಬಂದ ವರದಿ. ಅಕ್ಕ ಏಳೋದು ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ, ಮಲಗೋದು ಹನ್ನೊಂದಕ್ಕೆ. ಅವಳ ಹಸಿವಿನಲ್ಲಿ ಎಷ್ಟು ಭಾಗ ನಿದ್ದೆಗೆಟ್ಟದ್ದರದ್ದೋ.

ಇಷ್ಟೆಲ್ಲ ಇದ್ದೂ ಬಾಯಿ ಕಟ್ಟು ಅಂದರೆ ಏನಾಗುತ್ತದೆ? ಕೆಲವು ದಿನ ಕಟ್ಟುತ್ತಾರೆ. ಆಮೇಲೆ ಯಾರದೋ ಗೃಹಪ್ರವೇಶದಲ್ಲಿ ಒಂದು ಒಬ್ಬಟ್ಟು ತಿನ್ನುತ್ತಾರೆ. ಆಮೇಲೆ ಇನ್ನೆರಡು. ವ್ರತ ಕೆಟ್ಟರೂ ಸುಖ ಪಡಬೇಕು ಅಂತ ನಮ್ಮವರು ಹೇಳಿದ್ದನ್ನೇ 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದರು. ಮೊದಲು ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿದರು, ಆಮೇಲೆ ಎಲ್ಲರಿಗೂ ಐಸ್‌ಕ್ರೀಮ್ ಕೊಟ್ಟರು. ಸಹಜವಾಗಿ ತಿನ್ನುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ನಿಯಮ ಎಷ್ಟು ಬಿಗಿಯೋ, ಅದು ಮುರಿದ ದಿನ ಅಷ್ಟು ಅನಾಹುತ. ನೆಂಟರು ಆಡಿಕೊಂಡ ದಿನ ಅಕ್ಕ ಮನೆಗೆ ಬಂದು ಜಾಸ್ತಿಯೇ ತಿನ್ನುತ್ತಿದ್ದಳು, ಕಡಿಮೆ ತಿಂದದ್ದನ್ನು ನಾನು ನೋಡಲಿಲ್ಲ.

ಉಪವಾಸ ಇದ್ದ ದೇಹ ಅದನ್ನು ಮರೆಯೋದೂ ಇಲ್ಲ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯಬೇಕಿತ್ತು. ಇವರು ಕೊಲ್ಲೋದಿಲ್ಲ ಅಂತ ಹಟ ಹಿಡಿದು ಸೈನ್ಯಕ್ಕೆ ಸೇರಲು ಒಪ್ಪದವರು, ದೇಶವೆಲ್ಲ ಬೈದರೂ ಜಗ್ಗದವರು. ಮನಸ್ಸು ಗಟ್ಟಿ ಇಲ್ಲ ಅಂತ ಇವರನ್ನು ಯಾರೂ ಅನ್ನೋ ಹಾಗಿಲ್ಲ. ಅರೆಹೊಟ್ಟೆಯಲ್ಲಿ ಇವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ ಆಯಿತು. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಕೆಲವರು ಅಂಥ ಪುಸ್ತಕಗಳನ್ನು ಕೂಡಿಟ್ಟರು. ಊಟ ಮತ್ತೆ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನಿಸಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಡಯಟ್ ಮಾಡಿ ತೂಕ ಇಳಿಸಿಕೊಂಡವರ ರಕ್ತ ಪರೀಕ್ಷೆ ಮಾಡಿದಾಗ, ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಕಳೆದುಕೊಂಡ ತೂಕವನ್ನು ಮೈ ವಾಪಸ್ ಕೇಳುತ್ತಲೇ ಇರುತ್ತದೆ. ಅಕ್ಕ ಎಷ್ಟು ಸಲ ಇಳಿಸಿದ್ದಾಳೆ, ಅಷ್ಟೂ ಸಲ ಇದೇ ಆಗಿದೆ.

ಈಗ ಹಸಿವು ತಗ್ಗಿಸಿ ತೂಕ ಇಳಿಸುವ ಇಂಜೆಕ್ಷನ್‌ಗಳು ಬಂದಿವೆ. ಸೆಮಾಗ್ಲುಟೈಡ್ ವಾರಕ್ಕೊಮ್ಮೆ ತಗೊಂಡವರ ತೂಕ 68 ವಾರದಲ್ಲಿ ನೂರಕ್ಕೆ ಸುಮಾರು 15ರಷ್ಟು ಇಳಿದದ್ದು 2021ರಲ್ಲಿ ವರದಿಯಾಯಿತು. ಅಂಥದ್ದೇ ಇನ್ನೊಂದು ಔಷಧಿ ಟಿರ್ಜೆಪಟೈಡ್ ಮಾರ್ಚ್ 2025ರಲ್ಲಿ ಭಾರತಕ್ಕೆ ಬಂತು. ಬಂದಾಗ ಅತಿ ಕಡಿಮೆ ಡೋಸಿನ ಒಂದು ಸೀಸೆಗೆ 3,500 ರೂಪಾಯಿ, ವಾರಕ್ಕೊಂದು ಬೇಕು. ಅಕ್ಕನ ಜೊತೆ ಕೆಲಸ ಮಾಡುವ ಟೀಚರ್ ಒಬ್ಬರು ಡಾಕ್ಟರ್ ಹೇಳಿದರು ಅಂತ ತಗೊಳ್ಳುತ್ತಿದ್ದಾರೆ. ಅವರು ಅಕ್ಕನಿಗೆ ಹೇಳಿದ ಮಾತನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. "ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ಇತ್ತಂತೆ ಕಣೇ. ಅದು ಅಲ್ಲಿದೆ ಅಂತ ಅವರಿಗೆ ನೆನಪೇ ಆಗಲಿಲ್ಲವಂತೆ. ಪಾಠ ಮಾಡ್ತಾ ಇದ್ದರಂತೆ, ಅಷ್ಟೇ." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ನಿನಗೆ ಯಾವಾಗಲೂ ಹಾಗೇನಾ?"

ಹೌದು, ನನಗೆ ಯಾವಾಗಲೂ ಹಾಗೇ. ಕೇಕ್ ಇರೋ ಕೋಣೆಯಲ್ಲಿ ಕೇಕನ್ನು ಮರೆತು ಕೂರೋದು ನನಗೆ ದುಡ್ಡು ಕೊಡದೆ, ಸೂಜಿ ಚುಚ್ಚಿಸಿಕೊಳ್ಳದೆ ಹುಟ್ಟಿನಿಂದ ಸಿಕ್ಕಿದೆ. ಅಕ್ಕ ಐವತ್ತು ವರ್ಷ ಆ ಕೇಕಿನ ಪಕ್ಕದಲ್ಲಿ ಕೂತು ಪಾಠ ಮಾಡಿದ್ದಾಳೆ, ಎಂ.ಎ. ಓದಿದ್ದಾಳೆ, ಮಕ್ಕಳ ಹೋಂವರ್ಕ್ ನೋಡಿದ್ದಾಳೆ. ಔಷಧಿಗೂ ಕಷ್ಟಗಳಿವೆ. ವಾಕರಿಕೆ, ವಾಂತಿ ಬರಬಹುದು. ಬಿಟ್ಟರೆ ತೂಕ ಮರಳುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಡಾಕ್ಟರ್ ಕೇಳದೆ ಮುಟ್ಟುವ ವಿಷಯ ಅಲ್ಲ. ಅಕ್ಕ ಇನ್ನೂ ಯೋಚನೆ ಮಾಡುತ್ತಿದ್ದಾಳೆ, ಮಗನ ಇಂಜಿನಿಯರಿಂಗ್ ಫೀಸಿನ ಲೆಕ್ಕವೂ ಇದೆ. ತಗೊಂಡರೂ ತಗೊಳ್ಳದಿದ್ದರೂ ನನಗೆ ಸರಿ. ಆದರೆ ತಗೊಂಡರೆ "ಅಡ್ಡದಾರಿ ಹಿಡಿದಳು" ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಬಿಪಿ ಮಾತ್ರೆ ನುಂಗುವವರನ್ನು ಯಾರೂ ಹಾಗೆ ಅನ್ನೋದಿಲ್ಲ.

ಅಕ್ಕನ ಮಗಳಿಗೆ ಈಗ ಹದಿನಾರು. ಅವಳದೂ ಅಮ್ಮನ ಹಸಿವೇ, ನೋಡಿದರೆ ಗೊತ್ತಾಗುತ್ತದೆ. ಆಗಲೇ ಒಬ್ಬಿಬ್ಬರು ಶುರು ಮಾಡಿದ್ದಾರೆ, ಈಗಿನಿಂದ ಕಂಟ್ರೋಲ್ ಮಾಡು ಅಂತ. ಅಕ್ಕ ಅವಳನ್ನು ಕೂರಿಸಿಕೊಂಡು, ಕನ್ನಡಕದ ನಂಬರ್ ಹೇಗೆ ಮನೆತನದಲ್ಲಿ ಬರುತ್ತದೋ ಹಾಗೆ ನಿನಗೆ ಹಸಿವು ಜಾಸ್ತಿ ಬಂದಿದೆ, ನಾಚಿಕೆ ಪಡೋದು ಬೇಡ, ಅದನ್ನು ತಿಳಿದುಕೊಂಡು ಬದುಕೋದು ಕಲಿ ಅಂತ ಹೇಳಿದ್ದಾಳೆ. ಮಧ್ಯಾಹ್ನ ಊಟ ಬಿಡಬೇಡ, ಹತ್ತಕ್ಕೆ ಮಲಗು ಅಂದಿದ್ದಾಳೆ. ಮೊಬೈಲಿನಿಂದ ಊಟ ತರಿಸುವ ಆಪ್ ತೆಗೆಯೋಣ ಅಂತ ಹುಡುಗಿ ತಾನೇ ಹೇಳಿದಳಂತೆ. ಈಗ ವಾರದಲ್ಲಿ ಮೂರು ಸಂಜೆ ಅಕ್ಕಿ ಅಳೆಯೋ ಕೆಲಸ ಅವಳದು. ಉಳಿದ ಸಂಜೆಗಳು ಭಾವನದು. ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಬೆಳಿಗ್ಗೆ ತಿನ್ನೋದೂ ಭಾವ ಕಲಿತಿದ್ದಾರೆ.